ಸೆರೆಗಿಂತ ಸಾವೇ ಮೇಲೆಂದ ಸುರಪುರದ ದೊರೆ

ಸಿರುಗುಪ್ಪ, ಕರೂರು ಸೀಮೆಯ ಭತ್ತದ ಗದ್ದೆಗಳನ್ನು ಹಿಂದೆ ಬಿಟ್ಟು, ತುಂಗಭದ್ರೆ ದಾಟಿ, ಎಡೆದೊರೆ ನಾಡಿನ ಎರೆಹೊಲ ಹಾದು ಕೃಷ್ಣೆಯ ಆಚೆ ದಡ ಹತ್ತಿದರೆ ಸುರಪುರದ ಗುಡ್ಡಗಳು ಎದುರಾಗುತ್ತವೆ. ಎತ್ತ ನೋಡಿದರೂ ಬಂಡೆ. ಬಿಸಿಲು ಏರಿದಂತೆ ಕಲ್ಲೆಲ್ಲ ಕಾದು ಝಳ ಹೊಡೆಯುತ್ತದೆ. ಆ ಬಂಡೆಗಳ ನಡುವೆಯೇ ಬೇಡ ನಾಯಕರ ಹಳೆಯ ರಾಜಧಾನಿ, ವೇಣುಗೋಪಾಲಸ್ವಾಮಿಯ ಗುಡಿ. ಗುಡ್ಡದ ಮೇಲೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿಕೊಂಡ ಬಂಗಲೆ, ಟೇಲರ್ ಮಂಜಿಲ್.

1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕವ. ಸಂಸ್ಥಾನದ ಉಸ್ತುವಾರಿಗೆಂದು ಬಂದ ಟೇಲರ್ ಹತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿದ್ದ. ಹುಡುಗ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ. 1853ರಲ್ಲಿ ಪಟ್ಟದ ಅಧಿಕಾರ ವೆಂಕಟಪ್ಪನ ಕೈಗೆ ಬಂತು, ಟೇಲರ್ ಸುರಪುರ ಬಿಟ್ಟ.

ಐದು ವರ್ಷ ಕಳೆಯುವಷ್ಟರಲ್ಲಿ ಉತ್ತರ ಭಾರತದ ಸಿಪಾಯಿ ದಂಗೆಯ ಕಿಡಿ ಇಲ್ಲಿಗೂ ಹಾರಿತು. 1858ರ ಫೆಬ್ರವರಿಯ ಒಂದು ರಾತ್ರಿ ಬೇಡ ಪಡೆ ಇಂಗ್ಲಿಷರ ಬಿಡಾರದ ಮೇಲೆ ಮುಗಿಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಇಂಗ್ಲಿಷರಿಗೆ ಕುಮ್ಮಕ್ಕಾಗಿ ಇನ್ನಷ್ಟು ದಂಡು ಬಂತು. ದೊರೆ ಊರು ಬಿಟ್ಟು ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಅದೇ ವರ್ಷ ನಮ್ಮ ಹರಪನಹಳ್ಳಿಯಲ್ಲಿ ಅಧಿಕಾರಿಯಾಗಿದ್ದ ಮುಂಡರಗಿ ಭೀಮರಾಯನೂ ಕೊಪ್ಪಳದ ಕೋಟೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಮಡಿದ.

ವೆಂಕಟಪ್ಪನಿದ್ದ ಸೆರೆಮನೆಗೆ ಟೇಲರ್ ಬಂದ. ದೊರೆ 'ಅಪ್ಪಾ' ಎಂದು ಬಿಕ್ಕಿಬಿಕ್ಕಿ ಅತ್ತ. ಜೊತೆಗಾರರ ಹೆಸರು ಹೇಳಿದರೆ ಅನುಕೂಲವಾದೀತು ಎಂದರೆ ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ, ಅಂಜುವುದಿಲ್ಲ ಎಂದ. ಸೆರೆವಾಸವನ್ನು, ಗಡಿಪಾರನ್ನು ನಮ್ಮ ಕಡುಬಡವ ಬೇಡನೂ ಸಹಿಸಲಾರ, ರಾಜನಾದ ನಾನು ಹೇಗೆ ಸಹಿಸಲಿ ಎಂದೂ ಕೇಳಿದ. ಇದನ್ನೆಲ್ಲ ಟೇಲರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ವಿಚಾರಣೆಯಲ್ಲಿ ದೊರೆಗೆ ವಿಧಿಸಿದ ಮರಣದಂಡನೆ ಮೊದಲು ಜೀವಾವಧಿ ಗಡಿಪಾರಿಗೆ ಇಳಿಯಿತು. ಆಮೇಲೆ ಗವರ್ನರ್ ಜನರಲ್ ಅದನ್ನು ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ನಡತೆ ನೆಟ್ಟಗಿದ್ದರೆ ಸಂಸ್ಥಾನ ಮರಳಿ ಸಿಗುವ ಆಸೆಯೂ ಇತ್ತು. ಪಹರೆಯೊಂದಿಗೆ ಹೈದರಾಬಾದಿನಿಂದ ಹೊರಟ ಪಯಣ ಮೊದಲ ತಂಗುದಾಣದಲ್ಲೇ ನಿಂತಿತು. ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ದೊರೆಯ ಪ್ರಾಣ ಹೋಯಿತು. ತಾನೇ ಹಾರಿಸಿಕೊಂಡ ಎಂದು ಸರ್ಕಾರ ಹೇಳಿತು. ಆಗ ಅವನಿಗೆ ಇಪ್ಪತ್ನಾಲ್ಕರ ಆಸುಪಾಸು. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು.

ಜೊತೆಗಾರರನ್ನು ಹಿಡಿದುಕೊಡದ ಆ ಹುಡುಗನ ಮಾತು ಅವನ ಸೋಲಿಗಿಂತ ದೊಡ್ಡದು. ನಮ್ಮ ಬಳ್ಳಾರಿ ಸೀಮೆಯ ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಒಮ್ಮೆ ಕೃಷ್ಣೆ ದಾಟಿ ಸುರಪುರವನ್ನೂ ತೋರಿಸಲಿ, ಅವನ ಕಥೆಯನ್ನು ಆ ಬಂಡೆಗಳ ಮೇಲೆ ಕೂರಿಸಿಕೊಂಡೇ ಹೇಳಲಿ.