ಸೊಳ್ಳೆ ಇಲ್ಲಿಯೂ ಇದೆ: ಹಿರಿಯರೇ, ಬೇಸಿಗೆಯಲ್ಲಿ ಎಚ್ಚರ



"ಅಮೆರಿಕದಲ್ಲಿ ಎಂಥ ಸೊಳ್ಳೆ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಟೆಕ್ಸಾಸ್‌ನ ಬೇಸಿಗೆಯಲ್ಲಿ ಒಂದು ಸಂಜೆ ವಾಕಿಂಗ್ ಹೋಗಿ ಬಂದರೆ ಉತ್ತರ ಸಿಗುತ್ತದೆ. ಸೊಳ್ಳೆ ಇದೆ, ಅದು ತರುವ ಕಾಯಿಲೆಯೂ ಇದೆ. ಇಲ್ಲಿ ಮುಖ್ಯವಾದದ್ದು ವೆಸ್ಟ್ ನೈಲ್ ಜ್ವರ.

ಇದು ಎಂಥ ಕಾಯಿಲೆ?

ಈ ವೈರಸ್ ಅಮೆರಿಕದಲ್ಲಿ ಮೊದಲು ಕಂಡದ್ದು 1999ರಲ್ಲಿ, ನ್ಯೂಯಾರ್ಕಿನಲ್ಲಿ. ಇದರ ಮನೆ ಹಕ್ಕಿಗಳು. ಸೋಂಕಿರುವ ಹಕ್ಕಿಯ ರಕ್ತ ಹೀರಿದ ಕ್ಯೂಲೆಕ್ಸ್ ಸೊಳ್ಳೆ ಆಮೇಲೆ ನಮ್ಮನ್ನು ಕಚ್ಚಿದರೆ ನಮಗೂ ಬರುತ್ತದೆ. ಮುಟ್ಟಿದರೆ, ಕೆಮ್ಮಿದರೆ ಹರಡುವುದಿಲ್ಲ. ಸೋಂಕು ತಗುಲಿದ 10 ಜನರಲ್ಲಿ ಸುಮಾರು 8 ಜನರಿಗೆ ಏನೂ ಆಗುವುದಿಲ್ಲ. ಆದರೆ ಸುಮಾರು 150ರಲ್ಲಿ ಒಬ್ಬರಿಗೆ ಮೆದುಳು, ನರಗಳಿಗೆ ತೊಂದರೆಯಾಗುತ್ತದೆ. 60 ದಾಟಿದವರಲ್ಲಿ ಇದು 50ಕ್ಕೆ ಒಬ್ಬರು. ಅದಕ್ಕೇ ಈ ಮಾತು ನಿಮಗೆ. ಮನುಷ್ಯರಿಗೆ ಇದಕ್ಕೆ ಲಸಿಕೆ ಇಲ್ಲ.

ಹವಾಮಾನಕ್ಕೂ ಸೊಳ್ಳೆಗೂ ಏನು ಸಂಬಂಧ?

ಸೆಖೆ ಹೆಚ್ಚಿದಷ್ಟೂ ಮೊಟ್ಟೆ ಬೇಗ ಸೊಳ್ಳೆಯಾಗುತ್ತದೆ. ಅದರ ಹೊಟ್ಟೆ ಸೇರಿದ ವೈರಸ್ಸೂ ಬೇಗ ಬೆಳೆದು ಜೊಲ್ಲಿಗೆ ಬರುತ್ತದೆ. ಚಳಿ ಕಡಿಮೆಯಾದರೆ ಸೊಳ್ಳೆಯ ಕಾಲ ಉದ್ದವಾಗುತ್ತದೆ. ಮಳೆ ಬಾರದಿದ್ದರೂ ಕಷ್ಟವೇ: ಚರಂಡಿಯಲ್ಲಿ ಹರಿಯದೆ ನಿಂತ ಕೊಳಕು ನೀರು ಕ್ಯೂಲೆಕ್ಸ್‌ಗೆ ಬಲು ಇಷ್ಟ. ನೀರಿರುವ ಕೆಲವೇ ಜಾಗಗಳಿಗೆ ಹಕ್ಕಿ, ಸೊಳ್ಳೆ ಎರಡೂ ಬಂದು ಸೇರುತ್ತವೆ.

2012ರಲ್ಲಿ ಹೀಗೇ ಆಯಿತು. ಚಳಿಗಾಲ ಬೆಚ್ಚಗಿತ್ತು, ಬೇಸಿಗೆ ಸುಡುತ್ತಿತ್ತು. ಆ ವರ್ಷ ದೇಶದಲ್ಲಿ 5,674 ಜನರಿಗೆ ಈ ಕಾಯಿಲೆ ಪತ್ತೆಯಾಯಿತು, 286 ಜನ ತೀರಿಕೊಂಡರು. ಹೆಚ್ಚು ಪೆಟ್ಟು ಬಿದ್ದ ಊರುಗಳಲ್ಲಿ ಡಾಲಸ್ ಒಂದು.

ಏನು ಮಾಡಬೇಕು?

• ಕ್ಯೂಲೆಕ್ಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ವಾಕಿಂಗನ್ನು ಬೆಳಕು ಹರಿದ ಮೇಲೆ ಇಟ್ಟುಕೊಳ್ಳಿ.
• ಸಂಜೆ ಹೊರಗೆ ಹೋಗಲೇಬೇಕಾದರೆ ತುಂಬುತೋಳಿನ ಬಟ್ಟೆ, ಕಾಲುಚೀಲ ಹಾಕಿ. ಡೀಟ್ ಅಥವಾ ಪಿಕಾರಿಡಿನ್ ಇರುವ ಸೊಳ್ಳೆ ಸ್ಪ್ರೇ ಹಚ್ಚಿಕೊಳ್ಳಿ.
• ತುಳಸಿ ಕುಂಡದ ಕೆಳಗಿನ ತಟ್ಟೆ, ಬಕೆಟ್, ಹಕ್ಕಿಗೆ ಇಟ್ಟ ನೀರು ಇವನ್ನೆಲ್ಲ ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ತೊಳೆಯಿರಿ.
• ಕಿಟಕಿಯ ಜಾಲರಿ ಹರಿದಿದ್ದರೆ ಮಕ್ಕಳಿಗೆ ಹೇಳಿ.

ಜ್ವರ ಬಂದರೆ?

ಊರಿನಿಂದ ಬಂದು ಎರಡು ವಾರದೊಳಗೆ ಜ್ವರ ಬಂದರೆ, ಭಾರತದಿಂದ ಬಂದಿದ್ದೇವೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಅದು ಡೆಂಗಿಯೋ ಮಲೇರಿಯವೋ ಇರಬಹುದು. ಹಿಂದೆ ಡೆಂಗಿ ಬಂದಿದ್ದರೆ ಅದನ್ನೂ ಹೇಳಿ. ಎರಡನೇ ಸಲ ಬಂದರೆ ಜೋರಾಗುವ ಸಾಧ್ಯತೆ ಹೆಚ್ಚು. ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ. ನಮ್ಮ ಪ್ಯಾರಾಸಿಟಮಾಲ್‌ಗೆ ಇಲ್ಲಿ ಅಸಿಟಾಮಿನೋಫೆನ್ ಎನ್ನುತ್ತಾರೆ.

ಜ್ವರದ ಜೊತೆ ವಿಪರೀತ ತಲೆನೋವು, ಕತ್ತು ಬಿಗಿತ, ಮಾತು ತೊದಲುವುದು, ಗಲಿಬಿಲಿ, ಕೈಕಾಲಿನ ಶಕ್ತಿ ಕುಂದುವುದು ಕಂಡರೆ 911ಕ್ಕೆ ಫೋನ್ ಮಾಡಿ.

ಕೊನೆಯ ಮಾತು. "ಇಲ್ಲಿ ಡಾಕ್ಟರ ಖರ್ಚು ಜಾಸ್ತಿ, ಮಕ್ಕಳಿಗೆ ಯಾಕೆ ತೊಂದರೆ" ಎಂದು ಜ್ವರವನ್ನು ಮುಚ್ಚಿಡಬೇಡಿ. ವಿಮೆಯ ಕಾರ್ಡು, ನೀವು ನುಂಗುವ ಮಾತ್ರೆಗಳ ಪಟ್ಟಿ ಎರಡನ್ನೂ ಫ್ರಿಜ್ಜಿನ ಮೇಲೆ ಅಂಟಿಸಿಡಿ. ಮೊದಲ ದಿನವೇ ಹೇಳಿದರೆ ಮಕ್ಕಳಿಗೆ ತೊಂದರೆ ಕಡಿಮೆ, ನಿಮಗೂ ಕ್ಷೇಮ.