ಎಣಿಸಿ ನೋಡಿ, ಆಮೇಲೆ ಅಳವಡಿಸಿ
2024ರ ಜುಲೈ 19ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹಲವು ವಿಮಾನಯಾನ ಸಂಸ್ಥೆಗಳು ಗಣಕದ ನೆರವಿಲ್ಲದೆ ಚೆಕ್-ಇನ್ ನಡೆಸಬೇಕಾಯಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಸಂರಚನಾ ಕಡತವೇ ಇದಕ್ಕೆ ಕಾರಣ. ಗಣಕದೊಳಗಿನ ಸಂವಹನವನ್ನು ಕಾಯುವ ಆ ಭಾಗ 21ನೆಯ ಮೌಲ್ಯವನ್ನು ಓದಲು ಹೋಯಿತು. ಒದಗಿದ್ದು 20 ಮಾತ್ರ. ಪರಿಶೀಲಕ ತಂತ್ರಾಂಶವೂ 21 ಇವೆಯೆಂದೇ ಭಾವಿಸಿ ಒಪ್ಪಿಗೆ ನೀಡಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಬಳಿಕ ಆ ಸಂಸ್ಥೆ ಎಣಿಕೆಯ ತಪಾಸಣೆಯನ್ನೂ ಹಂತಹಂತದ ಬಿಡುಗಡೆಯನ್ನೂ ಜಾರಿಗೊಳಿಸಿತು.

ಕುಪ್ಪಗಡ್ಡೆಯ ಅಡಿಕೆ ವರ್ತಕರು ತೂಕ ನೋಡದೆ ಚೀಲ ಹೊಲಿಸುವುದಿಲ್ಲ. ಬಿಲ್ಲಿನ ಗಣಕ, ರೂಟರ್‌ಗಳಿಗೂ ಇದೇ ನಿಯಮವಿರಲಿ. ಸೆಟ್ಟಿಂಗ್ ಬದಲಿಸುವ ಮುನ್ನ ಹಳೆಯದರ ಪ್ರತಿ ಇಟ್ಟುಕೊಳ್ಳಿ, ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸಿ. ವ್ಯಾಪಾರದ ದಿನ ನಷ್ಟವಾಗುವುದಕ್ಕಿಂತ ಒಂದು ಗಂಟೆಯ ತಡ ಲೇಸು.