ಮಲೇರಿಯಾ ಮತ್ತು ಶ್ವಾಸಕೋಶ: ಜ್ವರ ಇಳಿದ ಮೇಲೂ ಬೇಕಾದ ಎಚ್ಚರ

ಮಲೇರಿಯಾ ಎಂದೊಡನೆ ಚಳಿ, ನಡುಕ, ಜ್ವರ ಹಾಗೂ ಬೆವರು, ಇವಷ್ಟೇ ಸಾಮಾನ್ಯರ ನೆನಪಿಗೆ ಬರುತ್ತವೆ. ರೋಗವು ಉಲ್ಬಣಿಸಿದರೆ ಮೆದುಳು, ಮೂತ್ರಪಿಂಡಗಳಿಗೆ ಅಪಾಯವೆಂಬುದನ್ನೂ ಹಲವರು ಬಲ್ಲರು. ಆದರೆ ಅದು ಶ್ವಾಸಕೋಶವನ್ನೂ ಕೆಡಿಸಬಲ್ಲದು, ಅದೂ ಕೆಲವೊಮ್ಮೆ ಜ್ವರ ಇಳಿಯುತ್ತಿರುವಾಗಲೇ, ಎಂಬ ಸಂಗತಿ ಅನೇಕರಿಗೆ ತಿಳಿಯದು.

ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ರೊನಾಲ್ಡ್ ರಾಸ್ ಅವರು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ನಗರಗಳಲ್ಲಿ ಈ ರೋಗವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ, ಮುಚ್ಚಳವಿಲ್ಲದ ನೀರಿನ ಟಾಂಕಿ, ಬಾವಿ ಹಾಗೂ ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಮುಂಬಯಿಗೂ ಮಂಗಳೂರಿಗೂ ಇದು ಸಮಾನ ಶತ್ರು.

ಶ್ವಾಸಕೋಶದಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವುಗಳನ್ನು ಸುತ್ತುವರಿದ ಸೂಕ್ಷ್ಮ ರಕ್ತನಾಳಗಳ ಮೂಲಕ ಆಮ್ಲಜನಕವು ರಕ್ತವನ್ನು ಸೇರುತ್ತದೆ. ಫಾಲ್ಸಿಪಾರಂ ರೋಗಾಣು ಹೊಕ್ಕ ಕೆಂಪು ಕಣಗಳು ಈ ನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ರೋಗದೊಡನೆ ಹೋರಾಡಲು ದೇಹವು ಹೊರಡಿಸುವ ರಾಸಾಯನಿಕಗಳೇ ಗೋಡೆಯನ್ನು ಉರಿಯೂತಕ್ಕೆ ಗುರಿಮಾಡುತ್ತವೆ. ಆಗ ರಕ್ತದ ದ್ರವಾಂಶ ಸೋರಿ ಗಾಳಿಗೂಡುಗಳಲ್ಲಿ ತುಂಬುತ್ತದೆ; ಗಾಳಿ ಒಳಹೊಕ್ಕರೂ ಆಮ್ಲಜನಕ ರಕ್ತಕ್ಕೆ ದೊರೆಯದು. ಸೌಮ್ಯವೆಂದು ಭಾವಿಸಲಾಗಿದ್ದ ವೈವ್ಯಾಕ್ಸ್ ಮಲೇರಿಯಾದಲ್ಲಿಯೂ ಈ ತೊಡಕು ಕಂಡುಬಂದಿದೆ.

ಮಕ್ಕಳಿಗಿಂತ ವಯಸ್ಕರಲ್ಲಿ, ವಿಶೇಷವಾಗಿ ಗರ್ಭಿಣಿಯರಲ್ಲಿ ಮತ್ತು ಬಾಣಂತಿಯರಲ್ಲಿ, ಇದರ ಭಯ ಹೆಚ್ಚು. ಔಷಧ ಆರಂಭವಾಗಿ ಒಂದೆರಡು ದಿನಗಳಾದ ಮೇಲೆ, ರಕ್ತದಲ್ಲಿ ರೋಗಾಣುಗಳು ಕಡಿಮೆಯಾಗುತ್ತಿದ್ದರೂ, ಇದು ತಲೆದೋರಬಹುದು. ಉರಿಯೂತವು ರೋಗಾಣುಗಳೊಡನೆಯೇ ಅಡಗುವುದಿಲ್ಲವೆಂಬುದೇ ಇದಕ್ಕೆ ಕಾರಣ. ನಿಶ್ಶಕ್ತಿಯೆಂದು ಬಂಧುಗಳು ಒತ್ತಾಯಿಸಿ ಬಾಟಲಿಗಟ್ಟಲೆ ಸಲೈನ್ ಹಾಕಿಸುವುದೂ ಹಾನಿಕರ. ಅಧಿಕ ದ್ರವವು ಸೋರುವ ನಾಳಗಳಿಂದ ಶ್ವಾಸಕೋಶವನ್ನೇ ಸೇರುತ್ತದೆ.

ಆದುದರಿಂದ ರೋಗಿಯ ಜ್ವರವನ್ನಷ್ಟೇ ಅಲ್ಲ, ಉಸಿರನ್ನೂ ಗಮನಿಸಬೇಕು. ವಯಸ್ಕನು ವಿಶ್ರಾಂತಿಯಲ್ಲಿದ್ದಾಗ ಒಂದು ಪೂರ್ಣ ನಿಮಿಷ ಉಸಿರನ್ನು ಎಣಿಸಬೇಕು. ಅದು 30ಕ್ಕಿಂತ ಹೆಚ್ಚಿದ್ದು, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕ ಶೇಕಡಾ 92ಕ್ಕಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ತೀವ್ರ ಮಲೇರಿಯಾದ ಲಕ್ಷಣವೆಂದು ಪರಿಗಣಿಸುತ್ತದೆ. ಆದರೆ ಅಷ್ಟರವರೆಗೆ ಕಾಯುವುದು ಸಲ್ಲದು. ಮಲಗಲಾಗದ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಇವುಗಳಲ್ಲಿ ಒಂದು ಕಂಡರೂ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಒಯ್ಯಬೇಕು. ನ್ಯುಮೋನಿಯಾ, ತೀವ್ರ ರಕ್ತಹೀನತೆಗಳಿಂದಲೂ ಉಸಿರು ಹೆಚ್ಚುವುದುಂಟು; ಎದೆಯ ಎಕ್ಸರೇ ಮತ್ತು ರಕ್ತಪರೀಕ್ಷೆಗಳಿಂದ ವೈದ್ಯರು ಭೇದವನ್ನು ತಿಳಿಯಬಲ್ಲರು.

ಅಲ್ಲಿ ಆಮ್ಲಜನಕ, ಅಗತ್ಯವಿದ್ದರೆ ಕೃತಕ ಉಸಿರಾಟದ ಯಂತ್ರ, ಜೊತೆಗೆ ಆರ್ಟಿಸುನೇಟ್ ಚುಚ್ಚುಮದ್ದು ದೊರೆಯುತ್ತವೆ. ಭಾರತವೂ ಸೇರಿದಂತೆ ಏಷ್ಯಾದ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಮಲೇರಿಯಾದ ಸಾವು ಕ್ವಿನೈನ್ ಪಡೆದವರಲ್ಲಿ ಶೇಕಡಾ 22 ಇದ್ದರೆ, ಆರ್ಟಿಸುನೇಟ್ ಪಡೆದವರಲ್ಲಿ ಶೇಕಡಾ 15 ಇತ್ತು.

ಊರಿನಿಂದ ದೂರ ಬಂದು ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ನೆಲಸಿದ ತರುಣನಿಗೆ ಜ್ವರ ಬಂದಾಗ, ರಾತ್ರಿ ಅವನ ಉಸಿರನ್ನು ಗಮನಿಸುವವರು ಯಾರೂ ಇರುವುದಿಲ್ಲ. ನೆರೆಯವರು ಅವನನ್ನು ಆ ದಿನವೇ ರಕ್ತಪರೀಕ್ಷೆಗೆ ಕರೆದೊಯ್ಯುವುದು, ಊರಿಗೆ ಹೋಗಿಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸುವುದು, ಜ್ವರ ಬಿಟ್ಟ ಮೇಲೂ ಕೆಲವು ದಿನ ಬೆಳಗು ಸಂಜೆ ವಿಚಾರಿಸುವುದು, ಇವು ಸಣ್ಣ ಉಪಕಾರಗಳಾಗಿ ಕಂಡರೂ ಒಂದು ಜೀವವನ್ನು ಉಳಿಸಬಲ್ಲವು.